ನಮ್ಮ ಪಂಚಾಯಿತಿಯ ಎಲೆಕ್ಟ್ರಿಕ್ ಕಸದ ಗಾಡಿ: ಒಂದು ವರ್ಷ ಓಡಿಸಿದ ಮೇಲೆ

ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಗ್ರಾಮ ಪಂಚಾಯಿತಿಯ ಸದಸ್ಯ ನಾನು. ಹಳೇ ಡೀಸೆಲ್ ಗಾಡಿ ಬಿಟ್ಟು ಮೂರು ಚಕ್ರದ ಎಲೆಕ್ಟ್ರಿಕ್ ಗಾಡಿ ತಂದು ಒಂದು ವರ್ಷ ಆಯಿತು. ತಗೊಳ್ಳಬಹುದಾ ಎಂದು ಪಕ್ಕದ ಪಂಚಾಯಿತಿಯವರು ಕೇಳುತ್ತಲೇ ಇದ್ದಾರೆ. ತಗೊಳ್ಳಿ. ಆದರೆ ಗಾಡಿ ನೋಡಲು ಹೋಗುವ ಮೊದಲು ನಿಮ್ಮ ಕಚೇರಿಯ ತಾರಸಿ ನೋಡಿ.

ಹಳೇ ಗಾಡಿ ದಿನಕ್ಕೆ 2 ಲೀಟರ್ ಡೀಸೆಲ್ ಕುಡಿಯುತ್ತಿತ್ತು. ಒಂದು ಲೀಟರ್ ಉರಿದರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್, ಅಂದರೆ ದಿನಕ್ಕೆ 5 ಕೆಜಿಗೂ ಜಾಸ್ತಿ. ಹೊಸ ಗಾಡಿಗೆ ಅದೇ ಸುತ್ತಿಗೆ 4 ಯೂನಿಟ್ ಸಾಕು. ಹೊಗೆಯೇ ಇಲ್ಲವಲ್ಲ ಎಂದು ಎಲ್ಲರಿಗೂ ಖುಷಿ. ಆದರೆ ನೀರಿನಿಂದ ಕರೆಂಟ್ ಕೊಡುವ ಶರಾವತಿ ನಮ್ಮ ಜಿಲ್ಲೆಯಲ್ಲೇ ಹರಿದರೂ ನಮ್ಮ ತಂತಿಯಲ್ಲಿ ಬರುವುದು ಎಲ್ಲ ಕಡೆಯ ಕರೆಂಟ್, ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ತಯಾರಿಸಿದ್ದೂ ಅದರಲ್ಲಿ ಸೇರಿರುತ್ತದೆ. ದೇಶದ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಹಿಡಿದರೆ ದಿನಕ್ಕೆ 2.8 ಕೆಜಿ ಆಯಿತು. ಉಳಿದದ್ದು ಅರ್ಧ.

ಇನ್ನರ್ಧ ಇಳಿದದ್ದು ಕಚೇರಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ ಮೇಲೆ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. ಬೆಳಿಗ್ಗೆ ಆರೂವರೆಗೆ ಹೊರಟ ಗಾಡಿ ಹನ್ನೊಂದಕ್ಕೆಲ್ಲ ಕಸದ ಶೆಡ್ಡಿನಲ್ಲಿ ಇಳಿಸಿ ವಾಪಸ್ ಬಂದಿರುತ್ತದೆ, ಬಿಸಿಲು ಏರುವುದೂ ಆಗಲೇ, ಆಗಲೇ ಚಾರ್ಜ್‌ಗೆ ಹಾಕುತ್ತೇವೆ. ಇದು ಹೊಳೆಯದೆ ಮೊದಲ ಮೂರು ತಿಂಗಳು ಸುಮ್ನೆ ರಾತ್ರಿ ಚಾರ್ಜ್ ಹಾಕಿದೆವು.

ಇನ್ನೊಂದು ವಿಷಯ ತಿಳಿದಿರಲಿ. ಬ್ಯಾಟರಿ ಇಲ್ಲದೆ ಲೈನಿಗೆ ಸೇರಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕೆ ಅಪಾಯ ಆಗಬಾರದಲ್ಲ, ಅದಕ್ಕೆ. ಮಳೆಗಾಲದಲ್ಲಿ ನಮ್ಮಲ್ಲಿ ಮೋಡವೂ ಇರುತ್ತದೆ, ಕರೆಂಟೂ ಇರುವುದಿಲ್ಲ. ಹಾಗಾಗಿ ಆಗ ರಾತ್ರಿ ಕರೆಂಟ್ ಇದ್ದಷ್ಟು ಹೊತ್ತು ಚಾರ್ಜ್ ಮಾಡಿಟ್ಟುಕೊಳ್ಳುತ್ತೇವೆ.

ಗಾಡಿ ಓಡಿಸುವ ಅಕ್ಕ ಸಂಜೀವಿನಿ ಎಂಬ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದವರು. ಸಂಜೆ ಕೈ ಜೋಮು ಹಿಡಿಯುವುದು ನಿಂತಿದೆ, ಕಸ ಕೊಡುವ ಮನೆಯವರ ಜೊತೆ ಕೂಗದೆ ಮಾತಾಡಬಹುದು ಎನ್ನುತ್ತಾರೆ. ನನಗೆ ಇದು ಲೆಕ್ಕಕ್ಕಿಂತ ದೊಡ್ಡದು. ಏರಿನಲ್ಲಿ ಮಾತ್ರ ಕಷ್ಟ. ಜಾತ್ರೆಯ ಮರುದಿನ ಎಳನೀರು ಬುರುಡೆ ತುಂಬಿ ದೇವಸ್ಥಾನದ ಏರು ಹತ್ತಿಸುವಾಗ ಒದ್ದಾಡಿತು, ಎರಡು ಟ್ರಿಪ್ ಮಾಡಬೇಕಾಯಿತು.

ಬೇಜಾರಾದದ್ದು ಸರ್ವಿಸ್ ವಿಷಯದಲ್ಲಿ. ಜುಲೈನಲ್ಲಿ ಚಾರ್ಜರ್ ಕೆಟ್ಟಿತು, ಮಾರಿದವರು ಬದಲಿ ಕೊಡಲು ಹತ್ತೊಂಬತ್ತು ದಿನ ತಗೊಂಡರು. ಅಷ್ಟೂ ದಿನ ಬಾಡಿಗೆ ಡೀಸೆಲ್ ಆಟೋದಲ್ಲಿ ಕಸ ಎತ್ತಿಸಿದೆವು. ಕೊಳ್ಳುವಾಗಲೇ ಇನ್ನೊಂದು ಚಾರ್ಜರ್ ಕೇಳಿ, ಎಷ್ಟು ದಿನದಲ್ಲಿ ರಿಪೇರಿ ಮಾಡಿಕೊಡಬೇಕು ಎಂದು ಕಾಗದದಲ್ಲಿ ಬರೆಸಿಕೊಳ್ಳಿ.

ಕಚೇರಿಯ 75 ವ್ಯಾಟ್‌ನ ಹಳೇ ಫ್ಯಾನ್‌ಗಳನ್ನೂ ತೆಗೆದು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನ್ ಹಾಕಿಸಿದೆವು, ಗಾಳಿಯಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಆದರೆ ನಮ್ಮ ಕರೆಂಟ್ ಬಿಲ್ಲಿನಲ್ಲಿ ದೊಡ್ಡ ಪಾಲು ಕುಡಿಯುವ ನೀರಿನ ಮೋಟಾರಿನದು. ಮೇಲೆತ್ತಿದ ನೀರು ಪೈಪಿನಲ್ಲಿ ಸೋರಿದರೆ ಅದಕ್ಕೆ ಸುಟ್ಟ ಕರೆಂಟೂ ಹೋದಂತೆಯೇ ಅಲ್ವಾ? ಶಾಲೆ ಹತ್ತಿರದ ವಾಲ್ವ್ ವರ್ಷದಿಂದ ಸೋರುತ್ತಿದೆ. ಈ ತಿಂಗಳ ಸಭೆಯಲ್ಲಿ ಅದನ್ನೇ ಮೊದಲು ಎತ್ತುತ್ತಿದ್ದೇನೆ.