ಆ್ಯನಿಮೇಟೆಡ್ ನಾಟ್ಸ್: ಹಗ್ಗದ ದಾರಿ ಕಾಣುತ್ತದೆ, ಬಿಗಿ ಕೈಯಲ್ಲೇ ಕಲಿಯಬೇಕು

ಪರದೆ ನೋಡಿ ಗಂಟು ಕಲಿಯುವವರಿಗೆ ‘ಆ್ಯನಿಮೇಟೆಡ್ ನಾಟ್ಸ್ ಬೈ ಗ್ರಾಗ್’ ಎಂಬ ಜಾಲತಾಣ ಮತ್ತು ಆ್ಯಪ್ ಒಳ್ಳೆಯ ಸಾಧನ. ದೋಣಿ ಕಟ್ಟಲು, ಗಾಡಿ ಮೇಲಿನ ಸಾಮಾನು ಬಿಗಿಯಲು, ಟೆಂಟ್ ಹಾಕಲು ಇದು ಧಾರಾಳವಾಗಿ ಸಾಕು. ಗಾಳ ಹಾಕುವವರಿಗೆ ಅರ್ಧ ಉಪಯೋಗ. ಬಂಡೆ ಹತ್ತುವವರಿಗೆ ಇದು ಪಾಠವಾದ ಮೇಲೆ ಮನೆಯಲ್ಲಿ ಅಭ್ಯಾಸಕ್ಕೆ ಇಟ್ಟುಕೊಳ್ಳುವ ಪುಸ್ತಕದಂತೆ. ಪಾಠ ಹೇಳುವ ಗುರುವಲ್ಲ.

ಇದನ್ನು ಕಟ್ಟಿದವರು ಅಲನ್ ಗ್ರೊಗೊನೊ. ವೃತ್ತಿಯಲ್ಲಿ ಅರಿವಳಿಕೆ ವೈದ್ಯರಾಗಿದ್ದವರು, ಹವ್ಯಾಸದಲ್ಲಿ ಹಾಯಿದೋಣಿಯವರು. ಜಾಲತಾಣ ಉಚಿತ, ಆ್ಯಪ್‌ಗೆ ಹಣ ಕೊಡಬೇಕು. ಗಂಟುಗಳನ್ನು ದೋಣಿ, ಬಂಡೆ ಹತ್ತುವುದು, ಮೀನು ಹಿಡಿಯುವುದು, ಸ್ಕೌಟ್, ಮರ ಹತ್ತುವವರು, ಮನೆಬಳಕೆ ಎಂದು ವಿಂಗಡಿಸಿದ್ದಾರೆ. ವಿವರಣೆ ಇಂಗ್ಲಿಷಿನಲ್ಲೇ ಇದೆ, ಆದರೆ ಕಲಿಯುವುದು ಚಿತ್ರ ನೋಡಿಯೇ ಆದ್ದರಿಂದ ಅದು ದೊಡ್ಡ ತೊಡಕಲ್ಲ.

ಇದರ ನಿಜವಾದ ಶಕ್ತಿ ಇರುವುದು ಚಿತ್ರೀಕರಣದ ವಿಧಾನದಲ್ಲಿ. ಸಾಮಾನ್ಯ ವಿಡಿಯೊಗಳಲ್ಲಿ ಹೇಳಿಕೊಡುವವರ ಬೆರಳು ಸರಿಯಾಗಿ ಬೇಕಾದ ಜಾಗವನ್ನೇ ಮುಚ್ಚಿರುತ್ತದೆ. ಹಗ್ಗ ಮೇಲಿಂದ ಹೋಯಿತೋ ಕೆಳಗಿಂದ ಹೋಯಿತೋ ಎಂಬ ಒಂದು ಕ್ಷಣ ಕಾಣದೇ ಹೋಗುತ್ತದೆ, ಗಂಟಿನ ಹಣೆಬರಹ ನಿರ್ಧಾರವಾಗುವುದು ಅಲ್ಲೇ. ಇಲ್ಲಿ ನಿಜವಾದ ಹಗ್ಗದ ಸ್ಥಿರಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದಾರೆ. ಕೈ ಅಡ್ಡ ಬರುವುದಿಲ್ಲ. ಹಂತ ಹಂತವಾಗಿ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು. ಆ್ಯಪ್‌ನಲ್ಲಿ ಚಿತ್ರ ತಿರುಗಿಸುವ, ಎಡಬಲ ಬದಲಿಸುವ ಸೌಲಭ್ಯವಿದೆ. ಎಡಗೈ ಬಳಸುವವರಿಗೆ ಇದು ವರವೇ ಸರಿ. ಬಲಗೈಯವರೂ ತಿರುಗಿಸಿ ನೋಡಬೇಕು, ಯಾಕೆಂದರೆ ಗಂಟು ಯಾವಾಗಲೂ ಮೇಜಿನ ಮೇಲೆ ನಮ್ಮ ಮುಖಕ್ಕೆ ನೇರವಾಗಿ ಬಿದ್ದಿರುವುದಿಲ್ಲ.

ಹಗ್ಗದ ತುದಿಯಲ್ಲಿ ಜಾರದ ಕುಣಿಕೆ ಮಾಡುವ ಬೌಲೈನ್ ಗಂಟು ಇದಕ್ಕೆ ಒಳ್ಳೆಯ ಉದಾಹರಣೆ. ಹಗ್ಗದ ಉದ್ದ ಭಾಗದಲ್ಲಿ ಒಂದು ಸಣ್ಣ ಕುಣಿಕೆ ಮಾಡಿ, ತುದಿಯ ಕಡೆಯ ಎಳೆ ಉದ್ದ ಭಾಗದ ಮೇಲೆ ಕೂರಬೇಕು. ತುದಿಯನ್ನು ಕುಣಿಕೆಯ ಕೆಳಗಿನಿಂದ ಮೇಲಕ್ಕೆ ತಂದು, ಉದ್ದ ಭಾಗದ ಹಿಂದಿನಿಂದ ಸುತ್ತಿಸಿ, ಬಂದ ದಾರಿಯಲ್ಲೇ ಕುಣಿಕೆಯೊಳಗೆ ಇಳಿಸಿ. ಈಗ ಒಂದು ಕೈಯಲ್ಲಿ ಉದ್ದ ಭಾಗ, ಇನ್ನೊಂದರಲ್ಲಿ ತುದಿ ಮತ್ತು ಅದರ ಪಕ್ಕದ ಎಳೆ ಎರಡನ್ನೂ ಹಿಡಿದು ಎಳೆಯಿರಿ. ತುದಿಯೊಂದನ್ನೇ ಎಳೆದರೆ ಗಂಟು ಮಗುಚಿ ಜೀರುಗುಣಿಕೆ ಆಗಿಬಿಡಬಹುದು. ಸಣ್ಣ ಕುಣಿಕೆಯನ್ನು ಉಲ್ಟಾ ಮಾಡಿದರೆ, ಅಂದರೆ ಉದ್ದ ಭಾಗವೇ ಮೇಲೆ ಬಂದರೆ, ಮುಂದಿನ ಹಂತಗಳನ್ನೆಲ್ಲ ಸರಿಯಾಗಿ ಮಾಡಿದರೂ ಎಳೆದ ಕೂಡಲೇ ಎಲ್ಲ ಬಿಚ್ಚಿಕೊಳ್ಳುತ್ತದೆ. ಹೊಸಬರು ‘ಬರಲೇ ಇಲ್ಲ’ ಎಂದು ಕೈಬಿಡುವುದು ಹೆಚ್ಚಾಗಿ ಇಲ್ಲೇ.

ಆ್ಯಪ್ ನೋಡಿ ಮೇಜಿನ ಮೇಲೆ ಬೌಲೈನ್ ಬಂದ ಮೇಲೆ ಮೂರು ಕಡೆ ಮಾಡಿ ನೋಡಬೇಕು: ಎದುರಿನ ಕಂಬಕ್ಕೆ, ನಮ್ಮದೇ ಸೊಂಟದ ಸುತ್ತ, ಮತ್ತು ಕಣ್ಣು ಮುಚ್ಚಿಕೊಂಡು. ಕಂಬಕ್ಕೆ ಸಲೀಸಾಗಿ ಹಾಕುವ ಕೈ ಸೊಂಟಕ್ಕೆ ಬಂದಾಗ ತಡವರಿಸುತ್ತದೆ, ಏಕೆಂದರೆ ದಿಕ್ಕು ಪೂರ್ತಿ ತಿರುಗಿರುತ್ತದೆ. ಚಿತ್ರವನ್ನು 180 ಡಿಗ್ರಿ ತಿರುಗಿಸಿ ಮತ್ತೆ ನೋಡುವ ಸೌಲಭ್ಯ ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲೇ.

ಪರದೆಗೆ ಮಿತಿಯೂ ಇದೆ. ಅಲ್ಲಿನ ಹಗ್ಗ ಮೆತ್ತಗೆ, ಒಣಗಿ, ಭಾರವಿಲ್ಲದೆ ಕೂತಿರುತ್ತದೆ. ಬೌಲೈನ್ ಭಾರ ಬಿದ್ದಷ್ಟು ಹೊತ್ತು ಗಟ್ಟಿ. ಭಾರ ಬಿದ್ದು, ಸಡಿಲಾಗಿ, ಅಲುಗಾಡಿ, ಮತ್ತೆ ಭಾರ ಬಿದ್ದರೆ ತುದಿ ಇಷ್ಟಿಷ್ಟೇ ಒಳಗೆ ಸರಿಯುತ್ತ ಹೋಗುತ್ತದೆ. ಹೊಸ, ಬಿರುಸಾದ ಹಗ್ಗದಲ್ಲಿ ಇದು ಬೇಗ ಆಗುತ್ತದೆ. ಕುಣಿಕೆಯ ಎರಡು ಬದಿಯನ್ನು ಅಡ್ಡಡ್ಡ ಎಳೆಯುವ ಭಾರವೂ ಇದಕ್ಕೆ ಆಗಿಬರುವುದಿಲ್ಲ. ತುದಿಯನ್ನು ಹಗ್ಗದ ದಪ್ಪದ 10ರಿಂದ 12 ಪಟ್ಟು ಬಿಡಬೇಕು. ಮನುಷ್ಯರ ಭಾರ ಹೊರುವುದಾದರೆ ತುದಿಯನ್ನು ಗಂಟಿನೊಳಗೇ ಮರಳಿ ಸಿಕ್ಕಿಸುವ ಯೊಸೆಮಿಟಿ ಮುಕ್ತಾಯವನ್ನೋ ಬೇರೊಂದು ತಡೆಗಂಟನ್ನೋ ಸೇರಿಸಬೇಕು. ತಾಣದ ವಿವರಣೆಯಲ್ಲಿ ಇಂಥ ಎಚ್ಚರಿಕೆಗಳಿವೆ, ಆದರೆ ಅವು ಚಿತ್ರದ ಕೆಳಗಿನ ಬರಹದಲ್ಲಿ. ಜನ ಚಿತ್ರ ನೋಡುತ್ತಾರೆ, ಬರಹ ಬಿಡುತ್ತಾರೆ. ಓದಿ.

ರಾಮನಗರದ ಗ್ರಾನೈಟಿನಲ್ಲೋ ಬಾದಾಮಿಯ ಮರಳುಗಲ್ಲಿನಲ್ಲೋ ಹತ್ತಲು ಹೊರಟವರಿಗೆ ಮೊದಲ ಗಂಟು ಫಿಗರ್ ಎಯ್ಟ್ ಫಾಲೋ ಥ್ರೂ. ತುದಿಯಿಂದ ಸುಮಾರು ಒಂದು ಮೀಟರ್ ಬಿಟ್ಟು ಎಂಟರ ಆಕಾರದ ಗಂಟು ಹಾಕಿ, ತುದಿಯನ್ನು ಮೈಗೆ ಕಟ್ಟಿಕೊಳ್ಳುವ ಹಾರ್ನೆಸ್‌ನ ಕಾಲುಪಟ್ಟಿ ಮತ್ತು ಸೊಂಟಪಟ್ಟಿಯ ಎರಡೂ ಕಟ್ಟುಬಿಂದುಗಳಲ್ಲಿ ತೂರಿಸಿ, ಮೊದಲ ಎಂಟರ ಪಕ್ಕಪಕ್ಕದಲ್ಲೇ ಹಿಂದಿರುಗಿ ನಡೆಸಬೇಕು. ಆ್ಯಪ್ ಈ ದಾರಿಯನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಆಮೇಲಿನ ಕೆಲಸ ನಮ್ಮದು. ಗಂಟಿನುದ್ದಕ್ಕೂ ಎಳೆಗಳು ಜೋಡಿ ಜೋಡಿಯಾಗಿ, ಒಂದರ ಮೇಲೊಂದು ಹೊರಳದೆ ಮಲಗಿರಬೇಕು. ಎಣಿಸಿದರೆ ಐದು ಜೋಡಿ ಸಿಗಬೇಕು. ಆಮೇಲೆ ಹೊರಬಂದ ನಾಲ್ಕೂ ಎಳೆಗಳನ್ನು ಒಂದೊಂದಾಗಿ ಎಳೆದು ಬಿಗಿಯಬೇಕು. 10 ಮಿ.ಮೀ. ಹಗ್ಗಕ್ಕೆ ತುದಿ ಕನಿಷ್ಠ 10 ಸೆಂ.ಮೀ. ಉಳಿಯಲಿ. ತೀರಾ ಉದ್ದ ಬಿಟ್ಟರೆ ಅದನ್ನೇ ಹಗ್ಗವೆಂದುಕೊಂಡು ಕ್ಯಾರಬೀನರ್ ಎಂಬ ಲೋಹದ ಕೊಂಡಿಗೆ ಸಿಕ್ಕಿಸುವ ತಪ್ಪು ಆಗುತ್ತದೆ. ಎಂಟು ಸರಿಯಾಗಿ ಹೊಂದಿಸದೆ ಹೋದರೂ ಹಿಡಿಯುತ್ತದೆ, ಆದರೆ ಬಿದ್ದ ಮೇಲೆ ಬಿಚ್ಚಲು ಹರಸಾಹಸ ಪಡಬೇಕು.

ಯಾವ ಆ್ಯಪ್ ಕೂಡ ಮಾಡಲಾಗದ ಕೆಲಸವೆಂದರೆ ಜೊತೆಗಾರರ ತಪಾಸಣೆ. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ, ಆ ಹೊತ್ತಿಗೆ ಜಗತ್ತಿನ ಅತ್ಯುತ್ತಮ ಬಂಡೆ ಹತ್ತುವವರಲ್ಲಿ ಒಬ್ಬರಾಗಿದ್ದ ಲಿನ್ ಹಿಲ್ 20 ಮೀಟರಿಗೂ ಹೆಚ್ಚು ಎತ್ತರದಿಂದ ನೆಲಕ್ಕೆ ಬಿದ್ದರು. ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿದ್ದರು, ಗಂಟು ಮುಗಿಸಿರಲಿಲ್ಲ, ಮೇಲೆ ಜಾಕೆಟ್ ಮುಚ್ಚಿತ್ತು. ಬದುಕಿ ಉಳಿದದ್ದು ಅದೃಷ್ಟ. ಗಂಟು ಬಾರದೆ ಆದ ಅವಘಡವಲ್ಲ ಅದು. ಆದ್ದರಿಂದ ಮೊದಲ ಪಾಠವನ್ನು ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಕಡೆ, ಇನ್ನೊಬ್ಬರು ಮುಟ್ಟಿ ನೋಡಿ ಪರೀಕ್ಷಿಸುವ ಅಭ್ಯಾಸದ ಜೊತೆಗೇ ಕಲಿಯುವುದು ಲೇಸು.

ಹಗ್ಗದ ವಿಷಯಕ್ಕೆ ಬರೋಣ, ಏಕೆಂದರೆ ಆ್ಯಪ್‌ಗೆ ಕೊಟ್ಟ ದುಡ್ಡು ವ್ಯರ್ಥವಾಗುವುದು ತಪ್ಪು ಹಗ್ಗ ಹಿಡಿದಾಗ. ಗೊಬ್ಬರದಂಗಡಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ನೀಲಿ, ಹಸಿರು ಪಾಲಿಪ್ರೊಪಿಲೀನ್ ಹಗ್ಗ ಅಗ್ಗ, ಆದರೆ ಜಾರುತ್ತದೆ, ಮಡಿಸಿದರೆ ನೆಟ್ಟಗಾಗಲು ಹೊರಡುತ್ತದೆ. ಅದರಲ್ಲಿ ಹಾಕಿದ ಗಂಟು ಹಿಡಿಯದಿದ್ದರೆ ತಪ್ಪು ಕೈಯದೋ ಹಗ್ಗದ್ದೋ ಗೊತ್ತಾಗುವುದೇ ಇಲ್ಲ. ಕತ್ತದ ಹಗ್ಗ ಇದಕ್ಕೆ ತದ್ವಿರುದ್ಧ: ಒರಟುತನದಿಂದ ಎಂಥ ಕೆಟ್ಟ ಗಂಟನ್ನೂ ಹಿಡಿದುಕೊಂಡು ಕಲಿಯುವವರನ್ನು ಮೋಸ ಮಾಡುತ್ತದೆ. ಅಭ್ಯಾಸಕ್ಕೆ ಸರಿಯಾದದ್ದು ಬೆಟ್ಟ ಹತ್ತುವವರ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ 8 ಮಿ.ಮೀ. ನೈಲಾನ್ ಆ್ಯಕ್ಸೆಸರಿ ಕಾರ್ಡ್ (ಪೂರಕ ಕೆಲಸಗಳ ತೆಳು ಹಗ್ಗ), ಎರಡು ಬೇರೆ ಬೇರೆ ಬಣ್ಣದಲ್ಲಿ ತಲಾ 3 ಮೀಟರ್. ಎರಡು ಹಗ್ಗ ಸೇರಿಸುವ ಗಂಟುಗಳಲ್ಲಿ ಯಾವ ಎಳೆ ಯಾವುದೆಂದು ತಿಳಿಯಲು ಬಣ್ಣ ಬೇಕೇಬೇಕು. ಜೊತೆಗೆ 6 ಮಿ.ಮೀ.ನದು ಒಂದೂವರೆ ಮೀಟರ್ ಇರಲಿ. ಕತ್ತರಿಸಿದ ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಿ, ಇಲ್ಲದಿದ್ದರೆ ಹೊರಕವಚ ಒಳಗಿನ ಎಳೆಗಳ ಮೇಲೆ ಜಾರಿ ಸುಕ್ಕಾಗುತ್ತದೆ.

ಕೊಳ್ಳುವಾಗ ಐರೋಪ್ಯ ಮಾನದಂಡವಾದ ಇಎನ್ 564ರ ಗುರುತು ನೋಡಿ. ಆ ಮಾನದಂಡದ ಪ್ರಕಾರ 6 ಮಿ.ಮೀ. ಕಾರ್ಡ್ ಕನಿಷ್ಠ 7.2 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋ ಭಾರದ ಎಳೆತ), 7 ಮಿ.ಮೀ. 9.8, 8 ಮಿ.ಮೀ. 12.8 ತಡೆಯಬೇಕು. ಇದು ಗಂಟಿಲ್ಲದ ಹಗ್ಗದ ಲೆಕ್ಕ. ಗಂಟು ಬಿದ್ದರೆ ಬಲ ಕಡಿಮೆಯಾಗುತ್ತದೆ. ಎಂಟರ ಗಂಟಿನಲ್ಲಿ ಸುಮಾರು ಮುಕ್ಕಾಲು ಪಾಲು, ಬೌಲೈನ್‌ನಲ್ಲಿ ಅದಕ್ಕಿಂತ ತುಸು ಕಡಿಮೆ ಉಳಿಯುತ್ತದೆಂದು ಹಿಡಿದರೆ ತಪ್ಪಾಗದು. ಬಿದ್ದಾಗ ಹಿಡಿಯಬೇಕಾದ ಮುಖ್ಯ ಹಗ್ಗವೇ ಬೇರೆ: ಹಿಗ್ಗುವ ಡೈನಾಮಿಕ್ ಹಗ್ಗ, ಇಎನ್ 892. ಅಭ್ಯಾಸದ ಕಾರ್ಡ್ ಕಟ್ಟಿಕೊಂಡು ಹತ್ತುವ ಪ್ರಶ್ನೆಯೇ ಇಲ್ಲ.

ಹಗ್ಗದ ದಪ್ಪ ಎಷ್ಟು ಮುಖ್ಯ ಎಂದು ತಿಳಿಯಲು ಪ್ರೂಸಿಕ್ ಗಂಟಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಪರ್ವತಾರೋಹಿಗಳಿಗೆ ಪರಿಚಯಿಸಿದರು. 6 ಮಿ.ಮೀ. ಕಾರ್ಡಿನ ಎರಡು ತುದಿಯನ್ನು ಡಬಲ್ ಫಿಶರ್‌ಮನ್ ಗಂಟಿನಿಂದ ಸೇರಿಸಿ ಬಳೆ ಮಾಡಿ, 10 ಮಿ.ಮೀ. ಹಗ್ಗದ ಸುತ್ತ ಮೂರು ಸಲ ಸುತ್ತಿಸಿ ತನ್ನೊಳಗೇ ತೂರಿಸಿ. ಭಾರ ಬಿದ್ದರೆ ಕಚ್ಚಿ ಹಿಡಿಯುತ್ತದೆ, ಭಾರ ಹೋದರೆ ಕೈಯಿಂದ ಸರಿಸಬಹುದು. ಅದನ್ನೇ 8 ಮಿ.ಮೀ. ಕಾರ್ಡಿನಲ್ಲಿ ಮಾಡಿದರೆ ಹಿಡಿತ ಸಾಲದು. ಸುತ್ತುಗಳು ಒಂದರ ಮೇಲೊಂದು ಏರಿದ್ದರೂ ಅಷ್ಟೆ. ಡೈನೀಮಾ ಎಂಬ ಗಟ್ಟಿ ಪಾಲಿಎಥಿಲೀನ್ ನಾರಿನ ಕಾರ್ಡ್ ಇಲ್ಲಿ ಬೇಡವೇ ಬೇಡ. ಬಲ ಹೆಚ್ಚಿದ್ದರೂ ಅದು ನುಣುಪು, ಕರಗುವ ಉಷ್ಣತೆ ಸುಮಾರು 145 ಡಿಗ್ರಿ ಸೆಲ್ಸಿಯಸ್ ಮಾತ್ರ, ಜಾರಿದರೆ ಬಿಸಿಗೆ ಸೋಲುತ್ತದೆ. ಆ್ಯಪ್‌ನ ಚಿತ್ರದಲ್ಲಿ ಎಲ್ಲ ಹಗ್ಗವೂ ಒಂದೇ ಥರ ಕಾಣುವುದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ದೋಣಿಯ ವಿಭಾಗ ಇಡೀ ಸಂಗ್ರಹದಲ್ಲಿ ಅತ್ಯುತ್ತಮ. ಕಟ್ಟಿದವರು ನೀರಿನ ಮನುಷ್ಯ ಎಂಬುದು ಗೊತ್ತಾಗುತ್ತದೆ. ದೋಣಿಯ ಹಗ್ಗ ಕಟ್ಟುವ ಎರಡು ಕೊಂಬಿನ ಕ್ಲೀಟ್‌ಗೆ ಹಾಕುವ ಕ್ಲೀಟ್ ಹಿಚ್ ನೋಡಿ. ಹಗ್ಗ ಮೊದಲು ಕ್ಲೀಟ್‌ನ ದೂರದ ಕೊಂಬಿಗೆ ಹೋಗಿ, ಬುಡಕ್ಕೆ ಒಂದು ಪೂರ್ತಿ ಸುತ್ತು ಬಂದು, ಆಮೇಲೆ ಮೇಲೆ ಅಡ್ಡಲಾಗಿ ಎಂಟರಂತೆ ದಾಟಿ, ಕೊನೆಗೆ ತುದಿ ತನ್ನಡಿಯಲ್ಲೇ ಸಿಕ್ಕುವಂತೆ ಒಂದು ಮಗುಚಿದ ಸುತ್ತಿನಲ್ಲಿ ಮುಗಿಯಬೇಕು. ಹತ್ತಿರದ ಕೊಂಬಿನಿಂದ ಶುರು ಮಾಡಿದರೆ ಭಾರ ಬಿದ್ದಾಗ ಹಗ್ಗ ಸಿಕ್ಕಿಕೊಂಡು ಬಿಚ್ಚಲು ಬಾರದು. ಭದ್ರವಾಗಲಿ ಎಂದು ಎಂಟರ ಮೇಲೆ ಎಂಟು ಪೇರಿಸುವುದೂ ಕೆಟ್ಟ ಚಾಳಿ; ಹಿಡಿತ ಬರುವುದು ಬುಡದ ಸುತ್ತಿನಿಂದ. ಕೊನೆಯ ಸುತ್ತು ಹಿಂದಿನ ಅಡ್ಡ ಎಳೆಗೆ ಸಮಾನಾಂತರವಾಗಿ ಕೂತರೆ ಸರಿ, ಅದನ್ನು ಅಡ್ಡ ಹಾಯ್ದರೆ ದಿಕ್ಕು ತಪ್ಪಿದೆ ಎಂದರ್ಥ.

ಗೂಟಕ್ಕೋ ಕಂಬಕ್ಕೋ ಕಟ್ಟಲು ಕ್ಲೋವ್ ಹಿಚ್ ಬೇಗ ಬರುತ್ತದೆ, ಆದರೆ ನುಣುಪಾದ ಕಬ್ಬಿಣದ ಪೈಪಿನ ಮೇಲೆ, ಅಲೆಗೆ ದೋಣಿ ಎಳೆದಾಡುತ್ತಿರುವಾಗ ಸುತ್ತುತ್ತ ಸುತ್ತುತ್ತ ಕಳಚಿಕೊಳ್ಳುತ್ತದೆ. ಮಲ್ಪೆಯಂಥ ಬಂದರಿನಲ್ಲಿ ರಾತ್ರಿಯಿಡೀ ನಿಲ್ಲುವ ದೋಣಿಗೆ ರೌಂಡ್ ಟರ್ನ್ ಆ್ಯಂಡ್ ಟೂ ಹಾಫ್ ಹಿಚಸ್ ಮೇಲು: ಕಂಬಕ್ಕೆ ಪೂರ್ತಿ ಎರಡು ಸಲ ಹಗ್ಗ ತಾಗುವ ಸುತ್ತು, ಆಮೇಲೆ ಉದ್ದ ಭಾಗದ ಮೇಲೆ ಎರಡು ಅರೆಗಂಟು, ಎರಡೂ ಒಂದೇ ದಿಕ್ಕಿಗೆ. ದೋಣಿ ಎಳೆಯುತ್ತಿರುವಾಗಲೂ ಇದನ್ನು ಹಾಕಬಹುದು, ಬಿಚ್ಚಬಹುದು. ಬೌಲೈನ್ ಭಾರದಡಿಯಲ್ಲಿ ಬಿಚ್ಚಲಾಗದು. ಲಂಗರಿಗೆ ನೈಲಾನ್ ಒಳ್ಳೆಯದು, ಹಿಗ್ಗಿ ಅಲೆಯ ಏಟು ನುಂಗುತ್ತದೆ. ಪಾಲಿಪ್ರೊಪಿಲೀನ್ ತೇಲುವುದರಿಂದ ಇಂಜಿನ್ನಿನ ಪ್ರೊಪೆಲರ್‌ಗೆ ಸುತ್ತಿಕೊಳ್ಳುವ ಭಯವಿದೆ, ಬಿಸಿಲಿಗೂ ಬೇಗ ಹಾಳಾಗುತ್ತದೆ.

ಮನೆಬಳಕೆಯ ಗಂಟುಗಳಲ್ಲಿ ರೀಫ್ ನಾಟ್ ಬಗ್ಗೆ ಒಂದೇ ಮಾತು: ಪೊಟ್ಟಣ, ಬ್ಯಾಂಡೇಜು ಕಟ್ಟಲಿಕ್ಕೆ ಸರಿ, ಎರಡು ಹಗ್ಗ ಸೇರಿಸಿ ಭಾರ ಹೊರಿಸಲು ಬಳಸಲೇಬಾರದು. ಒಂದು ತುದಿ ಎಳೆದರೆ ಮಗುಚಿ ಜಾರಿಹೋಗುತ್ತದೆ. ದಪ್ಪ ಬೇರೆ ಬೇರೆ ಇದ್ದರೆ ಡಬಲ್ ಶೀಟ್ ಬೆಂಡ್, ಒಂದೇ ಇದ್ದರೆ ಝೆಪ್ಪೆಲಿನ್ ಬೆಂಡ್. ಲಾರಿಯವರು ಟಾರ್ಪಾಲಿನ ಮೇಲೆ ಬಿಗಿಯುವ ಟ್ರಕರ್ಸ್ ಹಿಚ್ ಕೂಡ ಇಲ್ಲಿದೆ. ಲೆಕ್ಕದಲ್ಲಿ ಅದು ಮೂರು ಪಟ್ಟು ಎಳೆತ ಕೊಡಬೇಕು; ಹಗ್ಗದ ಮೇಲೆ ಹಗ್ಗ ಉಜ್ಜುವುದರಿಂದ ನಿಜದಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಬರಿಗೈ ಎಳೆತಕ್ಕಿಂತ ಎಷ್ಟೋ ಮೇಲು.

ದುರ್ಬಲವಾದದ್ದು ಮೀನಿನ ವಿಭಾಗ. ಗಾಳದ ಗಂಟುಗಳನ್ನು ದಪ್ಪ ಹುರಿಯಲ್ಲಿ ತೋರಿಸಿದ್ದಾರೆ. ನೋಡಲು ಸುಲಭ, ಆದರೆ ಕಾಲು ಮಿಲಿಮೀಟರಿನ ತಂಗೂಸಿ ದಾರ ಬೆರಳಲ್ಲಿ ವರ್ತಿಸುವುದೇ ಬೇರೆ. ಇಂಪ್ರೂವ್ಡ್ ಕ್ಲಿಂಚ್‌ಗೆ ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ಉದ್ದ ದಾರಕ್ಕೆ ಐದರಿಂದ ಏಳು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಪಕ್ಕದ ಕುಣಿಕೆಯಲ್ಲಿ ತಂದು, ಆಗ ಉಂಟಾದ ದೊಡ್ಡ ಕುಣಿಕೆಯಲ್ಲೂ ತೂರಿಸಬೇಕು. ಎಳೆಯುವ ಮುನ್ನ ಉಗುಳಿನಿಂದಲೋ ನೀರಿನಿಂದಲೋ ಒದ್ದೆ ಮಾಡಲೇಬೇಕು. ಒಣಗಿದ್ದಾಗ ಎಳೆದರೆ ಉಜ್ಜಾಟದ ಬಿಸಿಗೆ ನೈಲಾನ್ ಸುಟ್ಟು ಬಲ ಕಳೆದುಕೊಳ್ಳುತ್ತದೆ, ಆದರೆ ಗಂಟು ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ದಪ್ಪ ದಾರಕ್ಕೆ ಸುತ್ತು ಕಡಿಮೆ ಮಾಡಿ, ಇಲ್ಲವಾದರೆ ಸುತ್ತುಗಳು ಒತ್ತಾಗಿ ಕೂರುವುದಿಲ್ಲ. ಮೀನು ತಪ್ಪಿಸಿಕೊಂಡ ಮೇಲೆ ದಾರದ ತುದಿ ನೋಡಿದರೆ ಕಾರಣ ತಿಳಿಯುತ್ತದೆ: ಹಂದಿಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ, ನೇರವಾಗಿ ತುಂಡಾಗಿದ್ದರೆ ದಾರವೇ ಹರಿದಿದೆ.

ಹೆಣೆದ ಬ್ರೇಡ್ ದಾರಕ್ಕೆ ಕ್ಲಿಂಚ್ ಜಾರುತ್ತದೆ. ಅಲ್ಲಿ ಪಾಲೊಮಾರ್ ಹಾಕಿ. ದಾರವನ್ನು ಎರಡಾಗಿ ಮಡಿಸಿ ಕಣ್ಣಿನಲ್ಲಿ ತೂರಿಸಿ, ಸಡಿಲವಾದ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗೆ ಗಾಳವನ್ನೇ ಪೂರ್ತಿ ದಾಟಿಸಿ, ಒದ್ದೆ ಮಾಡಿ, ಎರಡೂ ಎಳೆ ಒಟ್ಟಿಗೆ ಎಳೆಯಿರಿ. ಮೂರು ಮೊನೆಯ ಗಾಳಗಳಿರುವ ಉದ್ದನೆಯ ಲೂರ್‌ಗೆ (ಮೀನನ್ನು ಸೆಳೆಯುವ ಹುಸಿ ಆಮಿಷಕ್ಕೆ) ಕುಣಿಕೆ ಲೂರ್‌ಗಿಂತ ದೊಡ್ಡದಿರಬೇಕು, ಅದು ಪರದೆಯಲ್ಲಿ ಹೊಳೆಯುವುದಿಲ್ಲ. ಅಷ್ಟು ದಾರ ಬಿಡುವುದು ಬೇಡವೆಂದರೆ ಯೂನಿ ನಾಟ್.

ಇನ್ನು ದುಡ್ಡಿನ ಮಾತು. ಮನೆಯಲ್ಲಿ ಕೂತು ಕಲಿಯುವುದಾದರೆ ಉಚಿತ ತಾಣವೇ ಸಾಕು. ಆ್ಯಪ್ ಇಂಟರ್ನೆಟ್ ಇಲ್ಲದೆ ನಡೆಯುತ್ತದೆ, ಆದ್ದರಿಂದ ಕುದುರೆಮುಖದ ಕಾಡಿನಲ್ಲೋ ಕಾವೇರಿಯ ಹಿನ್ನೀರಿನಲ್ಲೋ ಸಿಗ್ನಲ್ ಸಿಗದ ಕಡೆ ಓಡಾಡುವವರು ಕೊಳ್ಳಬಹುದು. ಎರಡು ಬಣ್ಣದ 8 ಮಿ.ಮೀ. ಕಾರ್ಡ್ ಇಲ್ಲದೆ ಆ್ಯಪ್ ಒಂದನ್ನೇ ಕೊಳ್ಳಬೇಡಿ. ನೂರಾರು ಗಂಟುಗಳಿವೆ ಎಂದು ದಿನಕ್ಕೊಂದು ಹೊಸದನ್ನು ತೆರೆಯುವುದೂ ಬೇಡ. ಬೌಲೈನ್, ಎಂಟು, ರೌಂಡ್ ಟರ್ನ್, ಡಬಲ್ ಶೀಟ್ ಬೆಂಡ್, ಪ್ರೂಸಿಕ್, ಪಾಲೊಮಾರ್ ಈ ಆರನ್ನು ಒದ್ದೆ ಕೈಯಲ್ಲಿ, ಕತ್ತಲೆಯಲ್ಲಿ ಹಾಕಲು ಬಂದ ಮೇಲೆ ಏಳನೆಯದನ್ನು ತೆರೆಯಿರಿ.