ಹರಕೆ ಆಟಕ್ಕೆ ಲೈವ್ ಮಾಡಿಸಿದ್ದು: ಹುಡುಗರು ಒಳ್ಳೆಯವರು, ನೆಟ್‌ವರ್ಕ್ ಮಾತ್ರ ಅಮ್ಮನೇ ಗತಿ

ಮೊದಲೇ ಹೇಳಿಬಿಡ್ತೇನೆ, ಇದು ದುಡ್ಡು ತಗೊಂಡು ಬರೆದ ರಿವ್ಯೂ ಅಲ್ಲ, ದುಡ್ಡು ಕೊಟ್ಟದ್ದು ನಾವು, 22 ಸಾವಿರ. ನಮ್ಮ ಮನೆಯ ಯಕ್ಷಗಾನವನ್ನು ಯೂಟ್ಯೂಬಲ್ಲಿ ಲೈವ್ ಮಾಡಿದ ಹುಡುಗರ ಹೆಸರೂ ಚಾನೆಲ್ ಹೆಸರೂ ಹಾಕುದಿಲ್ಲ, ಯಾಕಂದ್ರೆ ಕೆಳಗೆ ಸ್ವಲ್ಪ ದೂರು ಕೂಡ ಉಂಟು, ಪಾಪ ಬೆಳೆಯುವ ಹುಡುಗರು, ಅವರ ಹೊಟ್ಟೆಗೆ ಹೊಡೆಯುವ ಮನಸ್ಸಿಲ್ಲ.

ವಿಷಯ ಎಂತ ಅಂದ್ರೆ, ಜನವರಿಯಲ್ಲಿ ನಮ್ಮ ಮನೆಯದ್ದು ಹರಕೆ ಆಟ, ಅಂದ್ರೆ ದೇವರಿಗೆ ಹೇಳಿಕೊಂಡ ಹರಕೆ ತೀರಿಸ್ಲಿಕ್ಕೆ ಆಡಿಸುವ ಯಕ್ಷಗಾನ, ಆಯ್ತು. ಕಟೀಲು ದೇವಸ್ಥಾನದ ಮೇಳ, ದೇವಿ ಮಹಾತ್ಮೆ ಪ್ರಸಂಗ, ಮಂಗಳೂರು ಕಡೆಯ ಕಿನ್ನಿಗೋಳಿಯಿಂದ ಸ್ವಲ್ಪ ಒಳಗೆ ಮನೆ ಎದುರಿನ ನಮ್ಮ ಬಾಕಿಮಾರು ಗದ್ದೆಯಲ್ಲಿ. ಕಟೀಲು ಮೇಳದ ಆಟಕ್ಕೆ ಬರೆಸಿ ವರ್ಷಗಟ್ಟಲೆ ಕಾಯ್ಬೇಕು ಅಂತ ಈ ಕಡೆಯವರಿಗೆ ಹೇಳ್ಬೇಕಂತ ಇಲ್ಲ. ಹರಕೆ ಹೇಳಿಕೊಂಡದ್ದು ಅಜ್ಜ, ಬರೆಸಿದ್ದು ದೊಡ್ಡಪ್ಪ, ಆಡಿಸುವ ಹೊತ್ತಿಗೆ ಇಬ್ರೂ ಇಲ್ಲ. ಇರುವವರಲ್ಲಿ ಅರ್ಧ ಜನ ಊರಲ್ಲಿಲ್ಲ. ದೊಡ್ಡತ್ತೆ ಡೊಂಬಿವಲಿಯಲ್ಲಿ, ಮೊಣಗಂಟಿನ ಆಪರೇಶನ್ ಆಗಿ ರೈಲು ಹತ್ಲಿಕ್ಕೆ ಆಗುದಿಲ್ಲ. ಬಾವ ಕುವೈಟಲ್ಲಿ, ರಜೆ ಸಿಗಲಿಲ್ಲ. ತಂಗಿ ನ್ಯೂಜೆರ್ಸಿಯಲ್ಲಿ. ಅತ್ತೆ ಫೋನಲ್ಲಿ ಒಂದೇ ಮಾತು, "ಅಪ್ಪನ ಹರಕೆ, ನಾನು ನೋಡದೆ ಹೇಗೆ ಮಗಾ?" ಹಾಗಾಗಿ ಲೈವ್.

ಮೊದಲು ನಾವೇ ಮೊಬೈಲಲ್ಲಿ ಮಾಡುವ ಅಂತ ಇದ್ದದ್ದು, ಎಂತ ದೊಡ್ಡ ಕೆಲಸ, ಸ್ಟ್ಯಾಂಡಿಗೆ ಫೋನ್ ಸಿಕ್ಕಿಸಿ ಬಟನ್ ಒತ್ತಿದ್ರೆ ಆಯ್ತಲ್ಲ ಅಂತ. ಆಗ ಗೊತ್ತಾದದ್ದು, ಯೂಟ್ಯೂಬಲ್ಲಿ ಮೊಬೈಲಿಂದ ಲೈವ್ ಹೋಗ್ಬೇಕಾದ್ರೆ ಚಾನೆಲಿಗೆ ಕಡಿಮೆ ಅಂದ್ರೆ 50 ಸಬ್‌ಸ್ಕ್ರೈಬರ್ಸ್ ಬೇಕು, ಮತ್ತೆ ಮೊದಲ ಸಲ ಲೈವ್ ಆನ್ ಮಾಡಿದ್ರೆ 24 ಗಂಟೆ ತನಕ ಕಾಯ್ಬೇಕಾಗಬಹುದು. ನನ್ನ ತಮ್ಮ ಫ್ಯಾಮಿಲಿ ಗ್ರೂಪಲ್ಲಿ ಎಲ್ರಿಗೂ ಸಬ್‌ಸ್ಕ್ರೈಬ್ ಮಾಡಿ ಸಬ್‌ಸ್ಕ್ರೈಬ್ ಮಾಡಿ ಅಂತ ಕೈಮುಗಿದು 37ಕ್ಕೆ ಬಂದು ನಿಂತ. ನಮ್ಮದು ಅಷ್ಟು ಸಣ್ಣ ಕುಟುಂಬ ಅಂತ ಅವತ್ತೇ ಗೊತ್ತಾದದ್ದು.

ಮದುವೆ ವಿಡಿಯೋ ಮಾಡುವ ಸ್ಟುಡಿಯೋದವರನ್ನು ಕರೆಯುವ ಅಂತ ಅಣ್ಣ ಹೇಳಿದ, ಅದಕ್ಕೆ ನಾನು ಒಪ್ಪಲಿಲ್ಲ. ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರ ಮನೆ ಆಟಕ್ಕೆ ಅಂಥವರೇ ಬಂದದ್ದು, ಕ್ಯಾಮರಾ ಎಲ್ಲ ದೊಡ್ಡ ದೊಡ್ಡದು, ಡ್ರೋನ್ ಬೇರೆ, ಆದ್ರೆ ವೇಷ, ಅಂದ್ರೆ ಪಾತ್ರಧಾರಿ, ರಂಗಸ್ಥಳಕ್ಕೆ ಬಂದ ಕೂಡ್ಲೆ ಮದುಮಗಳ ಮುಖ ತೆಗೆದ ಹಾಗೆ ಸೀದಾ ಮುಖಕ್ಕೆ ಝೂಮ್. ಕೆಳಗೆ ಕಾಲಲ್ಲಿ ಎಂತ ಹೆಜ್ಜೆ ಆಗ್ತಾ ಉಂಟು, ದಿಗಿಣ (ಹಾರಿ ತಿರುಗುದು) ಎಷ್ಟು ಸುತ್ತು ಬಂತು, ಒಂದೂ ಕಾಣುದಿಲ್ಲ. ಎದುರು ವೇಷ ಮಾತಾಡುವಾಗ ಇವ್ರು ಸುಮ್ಮನೆ ನಿಂತವರನ್ನು ತೋರಿಸುದು. ಪದ್ಯ ಹೇಳುವ ಭಾಗವತರನ್ನು ಇಡೀ ರಾತ್ರಿಗೆ ಮೂರು ಸಲ ತೋರಿಸಿರಬೇಕು. ನಮ್ಮ ಕಡೆಯ ತೆಂಕುತಿಟ್ಟಿನ ಆಟದಲ್ಲಿ ಭಾಗವತರನ್ನು ಬಿಟ್ಟು ಎಂತ ನೋಡುದು ಮಾರ್ರೆ?

ಮತ್ತೆ ಗೆಳೆಯ ಒಬ್ಬ ಈ ಹುಡುಗರನ್ನು ಹೇಳಿದ್ದು. ಮೂಡುಬಿದಿರೆ ಕಡೆಯವರು, ಮೂರು ಜನ, ಅದರಲ್ಲಿ ಒಬ್ಬ ಚೆಂಡೆ ಕಲಿತು ಅರ್ಧಕ್ಕೆ ಬಿಟ್ಟವ. ಅವನೇ ಮೈನ್ ಕ್ಯಾಮರಾ. ಈ ಒಂದು ವಿಷಯಕ್ಕೇ ನಾನು ಇವರಿಗೆ ಮಾರ್ಕ್ ಕೊಡುದು, ಬಾಕಿ ಎಲ್ಲ ಆಮೇಲೆ. ಪದ್ಯ ಏರುಪದಕ್ಕೆ, ಅಂದ್ರೆ ಜೋರಿನ ಪದಕ್ಕೆ, ಹೋಗುವ ಮೊದಲೇ ಅವನಿಗೆ ಗೊತ್ತಾಗ್ತದೆ, ಫ್ರೇಮ್ ಅಗಲ ಮಾಡಿ ಇಡ್ತಾನೆ, ವೇಷ ತಿರುಗುವಾಗ ಕಾಲಿಂದ ಕಿರೀಟದ ತನಕ ಪೂರ್ತಿ ಸಿಗ್ತದೆ. ಅರ್ಥ (ಪದ್ಯ ಆದ ಮೇಲೆ ವೇಷ ಆಡುವ ಮಾತು) ಹೇಳುವಾಗ ನಿಧಾನ ಹತ್ರ ಹೋಗ್ತಾನೆ. ಭಾಗವತರಿಗೆ ಅಂತ್ಲೇ ಇನ್ನೊಂದು ಕ್ಯಾಮರಾ ಬದಿಯಲ್ಲಿ, ಚೆಂಡೆ ಮದ್ದಳೆಯವರು ಒಬ್ರ ಮುಖ ಒಬ್ರು ನೋಡಿ ನಗಾಡುದು ಕೂಡ ಬಂದಿದೆ. ಲೈವ್ ಅಂದ್ರೆ ಮಿಶನಿನ ಕೆಲಸ ಅಂತ ನಾನೂ ಎಣಿಸಿದ್ದೆ. ಅಲ್ಲ. ದೂರದಲ್ಲಿ ಕೂತವರಿಗೆ ಇವನ ಕಣ್ಣಿಗೆ ಬಿದ್ದಷ್ಟೇ ಆಟ. ಗದ್ದೆಯಲ್ಲಿ ಕೂತ ನಾವು ಎಲ್ಲಿ ಬೇಕಾದ್ರೂ ನೋಡ್ಬಹುದು, ಅತ್ತೆಗೆ ಆ ಸ್ವಾತಂತ್ರ್ಯ ಇಲ್ಲ.

ಸೌಂಡಿನ ವಿಷಯದಲ್ಲೂ ಬುದ್ಧಿವಂತರು. ಕ್ಯಾಮರಾದ ಮೈಕಲ್ಲೇ ತೆಗೆದ್ರೆ ಜನರೇಟರಿನ ಗುರ್ ಗುರ್, ಚರುಂಬುರಿ ಗಾಡಿಯವನ ಡಬ್ಬ ಕುಟ್ಟುವ ಶಬ್ದ, ಮಕ್ಕಳ ಬೊಬ್ಬೆ, ಇದರ ಎಡೆಯಲ್ಲಿ ಎಲ್ಲೋ ದೂರದಲ್ಲಿ ಪದ್ಯ. ಇವ್ರು ಸಂಜೆಯೇ ಬಂದು ಸೌಂಡ್ಸಿನವರ ಹತ್ರ ಮಾತಾಡಿ ಮಿಕ್ಸರಿಂದ ಸೀದಾ ಲೈನ್ ತಗೊಂಡ್ರು. ಅದೂ ಸಾಕಾಗುದಿಲ್ಲ, ಬರೀ ಲೈನ್ ಆದ್ರೆ ಸ್ಟುಡಿಯೋದಲ್ಲಿ ಹಾಡಿದ ಹಾಗೆ ಒಣ ಒಣ ಕೇಳ್ತದೆ ಅಂತ ಜನರ ನಡುವೆ ಒಂದು ಮೈಕ್ ಇಟ್ಟು ಹಗುರಕ್ಕೆ ಸೇರಿಸಿದ್ರು. ಚಪ್ಪಾಳೆ, ಶಿಳ್ಳೆ ಎಲ್ಲ ಆ ಮೈಕಿಂದ ಬಂದದ್ದು. ತಂಗಿ ಇಯರ್‌ಫೋನ್ ಹಾಕಿ ಕೇಳಿ "ಅಣ್ಣಾ ಗದ್ದೆಯಲ್ಲೇ ಕೂತ ಹಾಗೆ ಉಂಟು" ಅಂತ ಮೆಸೇಜ್ ಹಾಕಿದ್ಳು, ಇಲ್ಲಿ ರಾತ್ರಿ 11, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಆಫೀಸಲ್ಲಿ ಊಟದ ಹೊತ್ತು.

ಆಟಕ್ಕೂ ಮಿಶನಿಗೂ ಸಂಬಂಧ ಹೊಸದೇನಲ್ಲ ಬಿಡಿ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದ ಮೇಲೆ ತಾಳಮದ್ದಳೆ (ವೇಷ ಕುಣಿತ ಇಲ್ಲದೆ ಕೂತು ಪದ್ಯ, ಅರ್ಥ ಹೇಳುದು) ಕೇಳ್ಲಿಕ್ಕೆ ರೇಡಿಯೋ ಎದುರು ಕೂರುದು ನಮ್ಮ ಅಪ್ಪನ ಕಾಲದ ಅಭ್ಯಾಸ, ಮತ್ತೆ ಕ್ಯಾಸೆಟ್ ಬಂತು, ತಾಳಮದ್ದಳೆಯ ದೊಡ್ಡ ಕಲಾವಿದ ಶೇಣಿಯವರ ಅರ್ಥ ಕೇಳಿ ಕೇಳಿ ಟೇಪು ಸವೆದು ಅಪ್ಪ ಪೆನ್ಸಿಲ್ ಹಾಕಿ ಸುತ್ತುದನ್ನು ನಾನೇ ನೋಡಿದ್ದೇನೆ. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ನಾನು ಹುಟ್ಟಿದ್ದು ಅದರ ನಂತರ, ಆದ್ರೂ ಅವರ ಪದ್ಯ ನಂಗೆ ಬಾಯಿಗೆ ಬರ್ತದೆ, ಯಾರೋ ಪುಣ್ಯಾತ್ಮರು ಹಳೇ ಕ್ಯಾಸೆಟ್ಟನ್ನು ಯೂಟ್ಯೂಬಿಗೆ ಏರಿಸಿದ್ದಕ್ಕೆ. 2016ರಲ್ಲಿ ಜಿಯೋ ಬಂದು ಡೇಟಾ ಚೀಪ್ ಆದ ಮೇಲೆ, ಮತ್ತೆ 2020ರಲ್ಲಿ ಲಾಕ್‌ಡೌನಿಗೆ ಮೇಳಗಳು ತಿರುಗಾಟದ ನಡುವಲ್ಲೇ ನಿಂತಾಗ, ಜನ ಇಲ್ಲದ ಹಾಲಲ್ಲಿ ತಾಳಮದ್ದಳೆ ಮಾಡಿ ಲೈವ್ ಬಿಟ್ರಲ್ಲ, ಅಲ್ಲಿಂದ ಇದು ಮನೆಮನೆಯ ವಿಷಯ ಆಯ್ತು. ಮೊದಲು ತುಳುವಲ್ಲಿ "ಇನಿ ಆಟ ಓಲು?" (ಇವತ್ತು ಆಟ ಎಲ್ಲಿ?) ಅಂತ ಕೇಳ್ತಿದ್ದದ್ದು, ಈಗ "ಲಿಂಕ್ ಹಾಕಿ" ಅಂತ ಕೇಳುದು.

ಇನ್ನು ದೂರಿಗೆ ಬರ್ತೇನೆ.

ಯೂಟ್ಯೂಬಲ್ಲಿ ಒಂದು ಲೈವ್ 12 ಗಂಟೆಗಿಂತ ಉದ್ದ ಆದ್ರೆ ಅದರ ಪೂರ್ತಿ ವಿಡಿಯೋ ತನ್ನಷ್ಟಕ್ಕೆ ಸೇವ್ ಆಗುದಿಲ್ಲ. ನಮ್ಮದು ಸಂಜೆ ಚೌಕಿ (ಬಣ್ಣ ಹಾಕುವ ಜಾಗ) ಪೂಜೆಯಿಂದ ಶುರು, ಮಂಗಳ ಹಾಡಿ ಮುಗಿಯುವಾಗ ಬೆಳಗ್ಗೆ. ನಡುವಲ್ಲಿ ಸ್ವಲ್ಪ ಸಮಯ ಕಾಲಮಿತಿ ಅಂತ ಆಗಿ ಆಟ ರಾತ್ರಿಯೇ ಮುಗಿತಿತ್ತು, ನಮ್ಮದು ಬೆಳಗ್ಗಿನ ತನಕದ್ದೇ. ಇದು ಹುಡುಗರಿಗೆ ಗೊತ್ತಿತ್ತು, ಅದಕ್ಕೆ ರಾತ್ರಿ ಹನ್ನೆರಡಕ್ಕೆ ಮೊದಲ ಲೈವ್ ನಿಲ್ಸಿ ಎರಡನೆಯದ್ದು ಶುರು ಮಾಡಿದ್ರು. ಐಡಿಯಾ ಸರಿಯೇ. ಆದ್ರೆ ಎರಡನೇ ಲಿಂಕ್ ನಮಗೆ ಕಳಿಸಿದ್ದು 20 ನಿಮಿಷ ಕಳೆದು! ಅತ್ತೆ ಅಲ್ಲಿ ಖಾಲಿ ಸ್ಕ್ರೀನ್ ನೋಡಿಕೊಂಡು ಆಟ ನಿಂತಿತು ಅಂತ ಹೆದರಿ ನಂಗೆ ನಾಲ್ಕು ಕಾಲ್ ಮಾಡಿದ್ದಾರೆ, ನಾನು ಊಟದ ಚಪ್ಪರದಲ್ಲಿ ಕೊನೆಯ ಪಂಕ್ತಿಗೆ ಪಾಯಸ ಬಡಿಸ್ತಾ ಇದ್ದೆ, ಫೋನ್ ಕೇಳ್ಲೇ ಇಲ್ಲ.

ಮತ್ತೆ ದೊಡ್ಡದು. ಮಹಿಷಾಸುರ. ದೇವಿ ಮಹಾತ್ಮೆ ನೋಡಿದವರಿಗೆ ಗೊತ್ತು, ಮಹಿಷಾಸುರ ಚೌಕಿಯಿಂದ ಸೀದಾ ರಂಗಸ್ಥಳಕ್ಕೆ ಬರುದಲ್ಲ, ದೂರದಿಂದ, ಜನರ ನಡುವಿಂದ, ದೊಂದಿ (ಪಂಜು) ಬೆಂಕಿಯಲ್ಲಿ ಬೊಬ್ಬೆ ಹಾಕಿಕೊಂಡು ಬರುದು, ಕೂತವರೆಲ್ಲ ಎದ್ದು ಹಿಂದೆ ತಿರುಗಿ ನಿಲ್ತಾರೆ, ಮಲಗಿದ ಮಕ್ಕಳನ್ನು ಎಬ್ಬಿಸ್ತಾರೆ. ಆ ಚೆಂಡೆಯ ಹುಡುಗ ಮೂರನೆಯವನ ಕೈಯಲ್ಲಿ ಒಂದು ಕ್ಯಾಮರಾ ಕೊಟ್ಟು ಗದ್ದೆಯ ಆ ಬದಿಗೆ ಮೊದಲೇ ಓಡಿಸಿದ್ದ, ತಯಾರಿ ಎಲ್ಲ ಪಕ್ಕಾ. ದೊಂದಿ ಹೊತ್ತಿತು, ಲೈವ್ ನಿಂತಿತು. ಗೋಲ ಗೋಲ ತಿರುಗುದು ಅಷ್ಟೆ. 11 ನಿಮಿಷ. ಪುನಃ ಬರುವಾಗ ಮಹಿಷಾಸುರ ರಂಗಸ್ಥಳದಲ್ಲಿ ನಿಂತು ಅರ್ಥ ಹೇಳ್ತಾ ಇದ್ದಾನೆ.

ಇವ್ರ ಹತ್ರ ಇದ್ದದ್ದು ಎರಡು ಸಿಮ್ ಹಾಕುವ ರೌಟರ್. ಸಂಜೆ ಚೆಕ್ ಮಾಡುವಾಗ ಅಪ್‌ಲೋಡ್ ಸ್ಪೀಡ್ ಚಂದ ಇತ್ತು. ಆದ್ರೆ ಸಂಜೆ ಗದ್ದೆಯಲ್ಲಿ 50 ಜನ, ಮಹಿಷಾಸುರ ಬರುವಾಗ ಗದ್ದೆ ತುಂಬ ಜನ, ಅಷ್ಟೂ ಜನರ ಕೈ ಮೇಲೆ, ಅಷ್ಟೂ ಕೈಯಲ್ಲಿ ಮೊಬೈಲ್, ಒಬ್ಬ ಸ್ಟೇಟಸ್ ಹಾಕುದು, ಒಬ್ಬ ವಿಡಿಯೋ ಕಾಲ್, ಒಬ್ಬ ಫೇಸ್‌ಬುಕ್ ಲೈವ್. ನಮ್ಮ ಊರಿಗೆ ಇರುದು ಒಂದು ಟವರ್. ನೋಡ್ಲಿಕ್ಕೆ ಡೌನ್‌ಲೋಡ್ ಸಾಕು, ಕಳಿಸ್ಲಿಕ್ಕೆ ಅಪ್‌ಲೋಡ್ ಬೇಕಲ್ಲ, ಅದೇ ಮೊದಲು ಕಟ್ಟಿಕೊಳ್ಳುದು. ಅಂದ್ರೆ ಎದುರು ಕೂತ ಅಭಿಮಾನಿಗಳೇ ಸೇರಿ ಡೊಂಬಿವಲಿಯ ಅಭಿಮಾನಿಯ ಆಟ ತಿಂದು ಹಾಕಿದ್ದು. ನಾನೂ ಅದರಲ್ಲಿ ಒಬ್ಬ, ಸುಳ್ಳು ಹೇಳುದು ಯಾಕೆ, ನಂದೂ ಒಂದು ಸ್ಟೇಟಸ್ ಇತ್ತು.

ಇದರಲ್ಲಿ ಹುಡುಗರದ್ದೇನು ತಪ್ಪು ಅಂತ ನೀವು ಕೇಳ್ಬಹುದು. ತಪ್ಪು ಉಂಟು. ನೆಟ್ ಹೋಗ್ಲಿ, ಲ್ಯಾಪ್‌ಟಾಪಲ್ಲಿ ರೆಕಾರ್ಡಿಂಗ್ ಆನ್ ಇಟ್ಟಿದ್ರೆ ಆ 11 ನಿಮಿಷ ಆಮೇಲಾದ್ರೂ ಸಿಗ್ತಿತ್ತು. ಅವರ ಸಾಫ್ಟ್‌ವೇರಲ್ಲಿ ಲೈವ್ ಹೋಗುವಾಗ ಒಟ್ಟಿಗೇ ರೆಕಾರ್ಡ್ ಮಾಡುವ ಬಟನ್ ಉಂಟು. ಹಾರ್ಡ್ ಡಿಸ್ಕ್ ಫುಲ್ ಇತ್ತಂತೆ, ಹಿಂದಿನ ರಾತ್ರಿಯ ಆಟ ಖಾಲಿ ಮಾಡಿರಲಿಲ್ಲವಂತೆ. 22 ಸಾವಿರ ಕೊಟ್ಟವನಿಗೆ ಇದನ್ನು ಕೇಳುವಾಗ ಮಂಡೆ ಬಿಸಿ ಆಗುದಿಲ್ವಾ? ಸೀಸನ್ ಅಲ್ವಾ, ದಿನಾ ರಾತ್ರಿ ನಿದ್ದೆಗೆಟ್ಟು ಬರುದು, ಅದೂ ಅರ್ಥ ಆಗ್ತದೆ. ಆದ್ರೂ.

ಇನ್ನೊಂದು, ಜಾಹೀರಾತು. ದೇವಿ ಉಯ್ಯಾಲೆಯಲ್ಲಿ ಕೂತಿದ್ದಾಳೆ, ಅಮ್ಮ ಇಲ್ಲಿ ಕೈಮುಗಿದು ಕೂತದ್ದು, ಅಲ್ಲಿ ಅತ್ತೆಯ ಟೀವಿಯಲ್ಲಿ ಯಾವುದೋ ಒಳಉಡುಪಿನ ಆ್ಯಡ್. ಅತ್ತೆ ಕಣ್ಣು ಮುಚ್ಚಿದ್ರಂತೆ. ನಾವು ದುಡ್ಡು ಕೊಟ್ಟು ಮಾಡಿಸುದಾದ್ರೆ ಚಾನೆಲಿನವರು ಹಾಕುವ ಆ್ಯಡ್ ಆದ್ರೂ ಬಂದ್ ಮಾಡಿಸ್ಲಿಕ್ಕೆ ಆಗ್ತದೆ, ಯೂಟ್ಯೂಬ್ ತಾನಾಗಿ ಹಾಕಿದ್ರೆ ಅದು ಬೇರೆ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಲೈವ್ ಚಾಟ್ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಅದು ಬೇರೆಯೇ ಒಂದು ಆಟ. ನಮ್ಮ ಕುಟುಂಬದವರಿಗೆ ಅಂತ ಮಾಡಿದ ಲೈವಿಗೆ ಎಲ್ಲೆಲ್ಲಿಂದಲೋ ಜನ ಬಂದು ಕೂತಿದ್ದಾರೆ. ಭಾಗವತರು ಯಾರು, ಚೆಂಡೆಗೆ ಯಾರು, ಯಾವ ಊರು ಇದು, ಊಟಕ್ಕೆ ಎಂತ. ಯಾರೋ ಒಬ್ರು ಮಸ್ಕತ್ತಿಂದ ಪ್ರತಿ ವೇಷ ಬರುವಾಗ ಕಲಾವಿದರ ಹೆಸರು ಟೈಪ್ ಮಾಡ್ತಾ ಹೋದ್ರು, ಇಡೀ ರಾತ್ರಿ, ಯಾರೂ ಹೇಳದೆ, ಅವರಿಂದಾಗಿ ನಮ್ಮ ಮನೆಯ ಮಕ್ಕಳಿಗೂ ಹೆಸರು ಗೊತ್ತಾಯ್ತು. ಮತ್ತೆ ಎರಡು ಜನ ತಮ್ಮ ತಮ್ಮ ಭಾಗವತರೇ ಮೇಲು ಅಂತ ಜಗಳ. ಮೊದಲು ಈ ಜಗಳ ಬೆಳಗ್ಗೆ ಹೋಟೆಲಲ್ಲಿ ಬನ್ಸ್ ತಿನ್ನುವಾಗ ಆಗ್ತಿತ್ತು, ಅಲ್ಲಿ ಒಬ್ರು ಹಿರಿಯರು ಇರ್ತಿದ್ರು "ಸಾಕು ಮಾರಾಯಾ" ಅಂತ ಹೇಳ್ಲಿಕ್ಕೆ. ಇಲ್ಲಿ ಹಾಗೆ ಹೇಳುವ ಜನ ಇಲ್ಲ, ಬಾವ ಕುವೈಟಿಂದ ಹೇಳ್ಲಿಕ್ಕೆ ಹೋಗಿ ಅವನಿಗೂ ಬೈಗುಳ ಸಿಕ್ಕಿತು.

ಮರುದಿನ ನಾವಿನ್ನೂ ಕುರ್ಚಿ ಲೆಕ್ಕ ಮಾಡ್ತಾ ಇದ್ದೇವೆ, ನಮ್ಮ ಆಟದ ಒಂದು ಪದ್ಯ, 40 ಸೆಕೆಂಡಿನದ್ದು, ನಾಲ್ಕು ಗ್ರೂಪಲ್ಲಿ ಬಂದಾಗಿದೆ. ಮೇಲೆ ಬೇರೆ ಯಾವುದೋ ಪೇಜಿನ ಲೋಗೋ. ತಮ್ಮನಿಗೆ ಖುಷಿಯೋ ಖುಷಿ, ವೈರಲ್ ವೈರಲ್ ಅಂತ. ನಂಗೆ ಹೊಟ್ಟೆ ಉರಿದದ್ದು ಲೋಗೋಗೆ ಅಲ್ಲ. ಬೆಳಗ್ಗಿನ ಜಾವ ರಕ್ತಬೀಜ ಹೇಳಿದ ಅರ್ಥ ಉಂಟಲ್ಲ, ಅಷ್ಟು ನಿದ್ದೆಯಲ್ಲೂ ನಾನು ಕಣ್ಣು ಬಿಟ್ಟು ಕೇಳಿದ್ದು, ಅದರ ಒಂದು ತುಂಡೂ ಯಾವ ಗ್ರೂಪಲ್ಲೂ ಬರಲಿಲ್ಲ. ಬರುದಿಲ್ಲ ಕೂಡ, ಅರ್ಥ ಹೇಳಿ ಮುಗಿಸ್ಲಿಕ್ಕೆ ಇಪ್ಪತ್ತು ನಿಮಿಷ ಬೇಕು, ರೀಲಲ್ಲಿ ಹಿಡಿಯುದಿಲ್ಲ. ಹಿಡಿಯುದು ದಿಗಿಣ, ಏರುಪದ, ಹಾಸ್ಯದ ಒಂದು ಡೈಲಾಗ್. ಎಳೆಯ ವೇಷಧಾರಿಗಳಲ್ಲಿ ಕೆಲವರು ಸುತ್ತು ಹಾಕಿ ಮುಗಿದ ಕೂಡ್ಲೆ ಕ್ಯಾಮರಾ ಯಾವ ಬದಿಗೆ ಉಂಟು ಅಂತ ನೋಡುದನ್ನು ನಾನು ಎದುರಲ್ಲೇ ಕೂತು ಕಂಡಿದ್ದೇನೆ. ಅವರನ್ನು ಬೈದು ಏನು, ನಾವೇ ಅಲ್ವಾ ಅದನ್ನು ಶೇರ್ ಮಾಡುದು.

ಅದೇ ಲೈವಿನ ಪೂರ್ತಿ ವಿಡಿಯೋದಲ್ಲಿ ರಕ್ತಬೀಜನ ಅರ್ಥ ಇಡಿಯಾಗಿ ಉಂಟು ಅನ್ನುದೂ ನಿಜ. ಅಪ್ಪ ಈಗ ದಿನಾ ಮಧ್ಯಾಹ್ನ ಊಟ ಆದ ಮೇಲೆ ಅರ್ಧ ಅರ್ಧ ಗಂಟೆ ಹಾಕಿ ನೋಡ್ತಾರೆ, ಎರಡು ವಾರ ಆಯ್ತು, ಇನ್ನೂ ಶುಂಭನ ದೂತ ದೇವಿಯ ಹತ್ರ ಹೋಗಿಲ್ಲ.

ಆ ಕಾಣೆಯಾದ 11 ನಿಮಿಷ ಪಕ್ಕದ ಮನೆಯ ಹುಡುಗನ ಮೊಬೈಲಲ್ಲಿ ಸಿಕ್ಕಿತು. ಉದ್ದಕ್ಕೆ ಹಿಡಿದದ್ದು, ಅಲ್ಲಾಡ್ತಾ ಉಂಟು, ಅರ್ಧ ಅವನ ಬೊಬ್ಬೆಯೇ, ಎದುರಲ್ಲಿ ಯಾರದ್ದೋ ಮಂಡೆ. ಅತ್ತೆಗೆ ಕಳಿಸಿದೆ. "ಆ ಮಂಡೆ ನಿನ್ನ ಅಪ್ಪನದ್ದಲ್ವಾ?" ಅಂತ ಕೇಳಿದ್ರು. ಹೌದು, ಅಪ್ಪನದ್ದೇ.

ಐದರಲ್ಲಿ ಮೂರೂವರೆ ಕೊಡ್ತೇನೆ. ಕ್ಯಾಮರಾಗೆ ಐದು, ಸೌಂಡಿಗೆ ನಾಲ್ಕೂವರೆ, ಬಾಕಿಗೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ಕರೆಯುವವರು ದೀಪಾವಳಿಗಿಂತ ಮೊದಲೇ ಹೇಳಿಡಿ, ಮೇಳ ತಿರುಗಾಟಕ್ಕೆ ಹೊರಟ ಮೇಲೆ ಮೇ ಕೊನೆಗೆ ಪತ್ತನಾಜೆಗೆ ಸೀಸನ್ ಮುಗಿಯುವ ತನಕ ಇವರು ಸಿಗುದಿಲ್ಲ. ಮೇಳದ ಮ್ಯಾನೇಜರ್ ಹತ್ರ ಲೈವಿಗೆ ಒಪ್ಪಿಗೆ ನೀವೇ ಕೇಳಿಡಿ, ಆ್ಯಡ್ ಬೇಡ ಅಂತ ಬರೆಸಿಕೊಳ್ಳಿ, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ರೆ ಗದ್ದೆ ತನಕ ವಯರ್ ಎಳೆಸಿ, ಸಿಮ್ಮನ್ನು ನಂಬಿ ಕೂರ್ಬೇಡಿ. ನಮ್ಮ ಮನೆಯಿಂದ ರಂಗಸ್ಥಳಕ್ಕೆ 60 ಮೀಟರ್ ಇದ್ದದ್ದು ಅಷ್ಟೆ, ಮನೆಯಲ್ಲಿ ಫೈಬರ್ ಉಂಟು, ಯಾರಿಗೂ ಹೊಳೆಯಲಿಲ್ಲ.