ಎನ್‌ಎಂಸಿ ರಿಫ್ಲೆಕ್ಟಿವ್ ಫಾರ್ಮ್: ಮಕ್ಕಳ ಹಾಸ್ಪಿಸ್ ನರ್ಸ್‌ಗೆ ಸಾಲುತ್ತದೆಯೇ?

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಓದಿ ಬ್ರಿಟನ್ನಿನಲ್ಲಿ ಕೆಲಸಕ್ಕಿರುವ ನರ್ಸ್‌ಗಳಿಗೆ ರಿಫ್ಲೆಕ್ಟಿವ್ ಫಾರ್ಮ್, ಅಂದರೆ ಕೆಲಸದ ಅನುಭವವನ್ನು ಹಿಂತಿರುಗಿ ನೋಡಿ ಬರೆಯುವ ಫಾರ್ಮ್, ಹೊಸದಲ್ಲ. ಅಲ್ಲಿ ನರ್ಸ್‌ಗಳ ನೋಂದಣಿ ನೋಡಿಕೊಳ್ಳುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ (ಎನ್‌ಎಂಸಿ) 2016ರಲ್ಲಿ ತಂದ ರೀವ್ಯಾಲಿಡೇಷನ್ (ನೋಂದಣಿ ನವೀಕರಣ) ಪ್ರಕಾರ 3 ವರ್ಷಕ್ಕೊಮ್ಮೆ ಇಂಥ 5 ಬರಹ ಬೇಕು. ಅವನ್ನು ಮುಂದಿಟ್ಟುಕೊಂಡು ಇನ್ನೊಬ್ಬ ನೋಂದಾಯಿತ ನರ್ಸ್ ಜೊತೆ ಕೂತು ಮಾತಾಡಲೂ ಬೇಕು. ಪ್ರಶ್ನೆ ನಾಲ್ಕೇ: ಏನು ನಡೆಯಿತು, ಏನು ಕಲಿತಿರಿ, ಕೆಲಸದಲ್ಲಿ ಏನು ಬದಲಾಯಿತು, ವೃತ್ತಿಸಂಹಿತೆಯ ಯಾವ ಭಾಗಕ್ಕೆ ಇದು ಸೇರುತ್ತದೆ.

ಚಿಕ್ಕದಾಗಿರುವುದೇ ಇದರ ದೊಡ್ಡ ಗುಣ. ಆದರೆ ಹಾಸ್ಪಿಸ್‌ನಲ್ಲಿ ಗುಣವಾಗದ ಕಾಯಿಲೆಯ ಮಕ್ಕಳ ಆರೈಕೆ ಮಾಡುವವರಿಗೆ ತೀರಾ ಬೇಕಾದ ಪ್ರಶ್ನೆಯೇ ಇದರಲ್ಲಿಲ್ಲ: ಆಗ ನಿಮಗೆ ಏನನ್ನಿಸಿತು? ಅನುಭವದಿಂದ ಕಲಿಯಲು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತದ ಚಕ್ರದಲ್ಲಿ (ನಡೆದದ್ದು, ಅನ್ನಿಸಿದ್ದು, ಸರಿ-ತಪ್ಪು, ಯಾಕೆ ಹಾಗಾಯಿತು, ಬೇರೇನು ಮಾಡಬಹುದಿತ್ತು, ಮುಂದಿನ ಕ್ರಮ) ಎರಡನೆಯ ಹಂತ ಇದೇ. ಮೊದಲು ಆ ಕ್ರಮದಲ್ಲಿ ರಫ್ ಹಾಳೆಯಲ್ಲಿ ಬರೆದು, ಆಮೇಲೆ ಫಾರ್ಮ್‌ಗೆ ಇಳಿಸಿ.

ಗಿಬ್ಸ್ ಚಕ್ರವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. 'ಬೇರೇನು ಮಾಡಬಹುದಿತ್ತು' ಎಂಬ ಐದನೆಯ ಹಂತ, ಮಗು ತೀರಿಕೊಂಡ ಮೇಲೆ ಬರೆಯುವವರ ಎದೆಯ ಮೇಲೆ ಕಲ್ಲಾಗಿ ಕೂರುತ್ತದೆ. ಅಲ್ಲಿಗೆ ಬಂದಾಗ ಹಾಳೆಯ ನಡುವೆ ಗೆರೆ ಎಳೆಯಿರಿ: ಎಡಕ್ಕೆ ಕಾಯಿಲೆಯಿಂದ ಆದದ್ದು, ಬಲಕ್ಕೆ ನಮ್ಮ ಕೈಯಲ್ಲಿದ್ದದ್ದು. ಮುಂದಿನ ಕ್ರಮ ಹುಟ್ಟಬೇಕಾದದ್ದು ಬಲಗಡೆಯಿಂದ ಮಾತ್ರ.

ಮಾತು ಬಾರದ ಒಂದು ಮಗು ಇದೆ ಎನ್ನಿ. ನೋವನ್ನು ಅಳೆಯುವ ಫ್ಲಾಕ್ ಮಾಪಕದಲ್ಲಿ ಮುಖ, ಕಾಲು, ಚಲನೆ, ಅಳು, ಸಮಾಧಾನ ಎಂದು ಐದು ಸಾಲು, ಪ್ರತಿಯೊಂದಕ್ಕೂ 0ಯಿಂದ 2, ಒಟ್ಟು 10. ಅಂಕ ಬಂದದ್ದು ಬರೀ 2. ತಾಯಿ ಮಾತ್ರ, 'ಇದು ಇವನ ಎಂದಿನ ನರಳಾಟ ಅಲ್ಲ ಸಿಸ್ಟರ್' ಎನ್ನುತ್ತಿದ್ದಾರೆ. ಅಂಕವನ್ನೇ ನಂಬಿದ್ದರಿಂದ ಹೆಚ್ಚುವರಿ ಮಾರ್ಫಿನ್ ಡೋಸ್ ತಡವಾಯಿತು. ಇದನ್ನು ಬರೆಯುವಾಗ ಬಹಳ ಮಂದಿ 'ನೋವಿನ ನಿರ್ವಹಣೆಯನ್ನು ಇನ್ನಷ್ಟು ಕಲಿಯುತ್ತೇನೆ' ಎಂದು ಮುಗಿಸುತ್ತಾರೆ. ಅದರಿಂದ ಮುಂದಿನ ಮಗುವಿಗೆ ಏನೂ ಸಿಗುವುದಿಲ್ಲ. 'ದಾಖಲಾದ ದಿನವೇ ತಾಯಿಯನ್ನು ಕೇಳಿ, ಉಸಿರು ಬಿಗಿಹಿಡಿಯುವುದು, ಹೆಬ್ಬೆರಳು ಮಡಚುವುದು ಮುಂತಾದ ಆ ಮಗುವಿನದೇ ಗುರುತುಗಳನ್ನು ಪರಿಷ್ಕೃತ ಫ್ಲಾಕ್ ಹಾಳೆಯಲ್ಲಿ ಬರೆಯುತ್ತೇನೆ' ಎಂದರೆ ಅದು ಬದಲಾವಣೆ.

ಗೌಪ್ಯತೆಯಲ್ಲಿ ಎಡವುವವರೂ ಕಡಿಮೆಯಿಲ್ಲ. ಹೆಸರು ತೆಗೆದರೆ ಸಾಲದು. ಈ ಮಕ್ಕಳ ಕಾಯಿಲೆಗಳು ಎಷ್ಟೋ ಸಲ ಅಪರೂಪದವು. ಕಾಯಿಲೆಯ ಹೆಸರು, ವಯಸ್ಸು, ಊರು ಸೇರಿದರೆ ಯಾರೆಂದು ಗೊತ್ತಾಗಿಬಿಡುತ್ತದೆ. 'ನರಸಂಬಂಧಿ ಕಾಯಿಲೆಯ ಮಗು' ಎಂದಷ್ಟೇ ಬರೆಯಿರಿ, ತಾರೀಖು ಬೇಡ. ರಫ್ ಹಾಳೆಗೂ ಇದೇ ನಿಯಮ, ಕೆಲಸ ಮುಗಿದ ಮೇಲೆ ಅದನ್ನು ಶ್ರೆಡ್ಡರ್‌ಗೆ ಹಾಕಿ.

ಚರ್ಚೆಗೆ ಮಕ್ಕಳ ಸಾವನ್ನು ಹತ್ತಿರದಿಂದ ಕಂಡ ನರ್ಸ್ ಒಬ್ಬರನ್ನೇ ಆರಿಸಿಕೊಳ್ಳಿ. ಶಿಫ್ಟ್ ಬದಲಾಗುವ ಗಡಿಬಿಡಿಯಲ್ಲಿ ಬೇಡ. ಬಾಗಿಲು ಮುಚ್ಚಬಹುದಾದ ಕೋಣೆ, ಪೂರಾ ಒಂದು ಗಂಟೆ. ಮನಸ್ಸಿಗೆ ತಾಗಿದ್ದನ್ನೆಲ್ಲ ಅಲ್ಲಿ ಹೇಳಿಕೊಳ್ಳಿ, ಫಾರ್ಮ್‌ನಲ್ಲಿ ಅದೆಲ್ಲ ಬರಬೇಕೆಂದಿಲ್ಲ.